ಹಳೆಯ ಗಣಕಕ್ಕೆ ಎರಡು ತೆರೆಗಳು

ಲೆಕ್ಕಪತ್ರದ ಕೆಲಸದವರ ಮೇಜನ್ನು ಒಮ್ಮೆ ನೆನೆದುಕೊಳ್ಳಿ. ಎಡಗಡೆ ದಿನವಹಿ, ಬಲಗಡೆ ಖಾತೆಯ ಪುಸ್ತಕ. ಎರಡೂ ಏಕಕಾಲದಲ್ಲಿ ತೆರೆದಿರುತ್ತವೆ. ಕಣ್ಣು ಒಂದರಿಂದ ಇನ್ನೊಂದಕ್ಕೆ ಸರಾಗವಾಗಿ ಹೋಗಿ ಬರುತ್ತದೆ. ಒಂದನ್ನು ಮುಚ್ಚಿದ ಹೊರತು ಇನ್ನೊಂದನ್ನು ತೆರೆಯಕೂಡದೆಂದು ಯಾರಾದರೂ ಕಟ್ಟಳೆ ಮಾಡಿದರೆ ಆ ಗುಮಾಸ್ತರ ಪಾಡೇನಾದೀತು! ಒಂದೇ ತೆರೆಯುಳ್ಳ ಗಣಕಯಂತ್ರದ ಮುಂದೆ ಕುಳಿತವರ ಪಾಡು ಬಹುಮಟ್ಟಿಗೆ ಇದೇ. ಆದುದರಿಂದಲೇ ಒಂದು ಗಣಕಕ್ಕೆ ಎರಡು ಮಾನಿಟರುಗಳನ್ನು ಜೋಡಿಸುವ ಪದ್ಧತಿ ಕಚೇರಿಗಳಲ್ಲಿ ಬಳಕೆಗೆ ಬಂದಿದೆ.

ಆದರೆ ಕಚೇರಿಯ ಗಣಕ ಹತ್ತು ಹನ್ನೆರಡು ವರ್ಷ ಹಳೆಯದಾಗಿದ್ದರೆ? 'ಇದರಿಂದ ಆಗದು, ಹೊಸದನ್ನೇ ಕೊಳ್ಳಿ' ಎಂಬ ಸಲಹೆ ಒಡನೆಯೇ ಬರುತ್ತದೆ. ಅದನ್ನು ಒಪ್ಪಿಕೊಳ್ಳುವ ಮುನ್ನ ಸ್ವಲ್ಪ ಯೋಚಿಸಬೇಕು. 2022ನೆಯ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ನುಗಳಷ್ಟು ಎಲೆಕ್ಟ್ರಾನಿಕ್ ಕಸ ಉಂಟಾಯಿತು. ಅದರಲ್ಲಿ ಕ್ರಮವರಿತು ಸಂಗ್ರಹಿಸಿ ಸಂಸ್ಕರಿಸಿದ್ದು ಕಾಲುಭಾಗಕ್ಕಿಂತ ಕಡಮೆ. ಕೆಲಸಕ್ಕೆ ಬರುವ ಯಂತ್ರವನ್ನು ಆ ರಾಶಿಗೆ ಸೇರಿಸುವುದು ಹಣಕ್ಕೂ ನಷ್ಟ, ನೆಲಕ್ಕೂ ಕೇಡು. ಹಳೆಯ ಗಣಕಕ್ಕೆ ಎರಡನೆಯ ತೆರೆ ನಿಜವಾಗಿಯೂ ಭಾರವೆ? ಈ ಪ್ರಶ್ನೆಗೆ ಉತ್ತರವನ್ನು ಅಂಗಡಿಯಲ್ಲಿ ಹುಡುಕುವುದಕ್ಕಿಂತ ಮಗ್ಗಿಯಲ್ಲಿ ಹುಡುಕುವುದು ಲೇಸು.

ಉದಾಹರಣೆಗಾಗಿ 2012ರಲ್ಲಿ ಮಾರುಕಟ್ಟೆಗೆ ಬಂದ ಡೆಲ್ ಆಪ್ಟಿಪ್ಲೆಕ್ಸ್ 7010 ಎಂಬ ಕಚೇರಿಯ ಗಣಕವನ್ನು ತೆಗೆದುಕೊಳ್ಳೋಣ. ಅದರೊಳಗೆ ಇಂಟೆಲ್ ಕಂಪೆನಿಯ ಮೂರನೆಯ ಪೀಳಿಗೆಯ ಕೋರ್ ಐ5 ಸಂಸ್ಕಾರಕವಿದೆಯೆಂದು ಇಟ್ಟುಕೊಳ್ಳೋಣ. ಚಿತ್ರಗಳನ್ನು ರಚಿಸುವ ವಿಭಾಗವೂ ಈ ಸಂಸ್ಕಾರಕದಲ್ಲಿಯೇ ಅಡಕವಾಗಿದೆ.

ಸಾಮಾನ್ಯ ಮಾನಿಟರಿನ ತೆರೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ. ಇವಕ್ಕೆ ಪಿಕ್ಸೆಲುಗಳೆಂದು ಹೆಸರು. ಗುಣಿಸಿದರೆ ಒಟ್ಟು 20,73,600. ಪ್ರತಿಯೊಂದು ಪಿಕ್ಸೆಲಿನ ಬಣ್ಣವನ್ನೂ ಬರೆದಿಡಲು 4 ಬೈಟುಗಳಷ್ಟು ಸ್ಥಳ ಮೀಸಲಾಗಿರುತ್ತದೆ. ಆದುದರಿಂದ ಒಂದು ತೆರೆಯ ಚಿತ್ರಕ್ಕೆ ಬೇಕಾಗುವ ಸ್ಮೃತಿ ಸುಮಾರು 83 ಲಕ್ಷ ಬೈಟುಗಳು. ಎರಡು ತೆರೆಗಳಿಗೆ ಇದರ ಇಮ್ಮಡಿ, ಅಂದರೆ 1 ಕೋಟಿ 66 ಲಕ್ಷ. 4 ಗಿಗಾಬೈಟಿನ ಸಣ್ಣ ಸ್ಮೃತಿಯಲ್ಲಿಯೂ 400 ಕೋಟಿಗೆ ಮೇಲ್ಪಟ್ಟು ಬೈಟುಗಳಿಗೆ ಎಡೆಯಿದೆ. ಆನೆಯ ಬೆನ್ನ ಮೇಲೆ ಗುಬ್ಬಿ ಕುಳಿತಂತಾಯಿತು!

ಈ ಚಿತ್ರವನ್ನು ಒಮ್ಮೆ ಕಳುಹಿಸಿದರೆ ಸಾಲದು. ಸೆಕೆಂಡಿಗೆ 60 ಸಲ ಅದನ್ನು ಸ್ಮೃತಿಯಿಂದ ಓದಿ ತೆರೆಗೆ ಕಳುಹಿಸುತ್ತಿರಬೇಕು. ಎರಡು ತೆರೆಗಳಿಗಾಗಿ ಹೀಗೆ ಓದಬೇಕಾದುದು ಸೆಕೆಂಡಿಗೆ ಸುಮಾರು 100 ಕೋಟಿ ಬೈಟುಗಳು. ಸಂಖ್ಯೆ ದೊಡ್ಡದೇ ಸರಿ. ಆದರೆ ಈ ಗಣಕದಲ್ಲಿ ಬಳಸುವ ಡಿಡಿಆರ್3-1600 ಬಗೆಯ ಸ್ಮೃತಿಯ ಒಂದು ದಾರಿಯಲ್ಲಿ ಸೆಕೆಂಡಿಗೆ ಗರಿಷ್ಠ 1280 ಕೋಟಿ ಬೈಟುಗಳು ಸಾಗಬಲ್ಲುವು. ಎಂದರೆ ತೆರೆಗಳು ಕಬಳಿಸುವುದು ಅದರ ಹದಿಮೂರನೆಯ ಒಂದು ಪಾಲನ್ನು ಮಾತ್ರ. ಸ್ಮೃತಿಯ ಪಟ್ಟಿಗಳನ್ನು ಜೋಡಿಯಾಗಿ ಸರಿಯಾದ ಸ್ಥಾನಗಳಲ್ಲಿ ಕೂರಿಸಿದರೆ ಎರಡು ದಾರಿಗಳು ತೆರೆದು ಈ ಪಾಲು ಇನ್ನೂ ಅರ್ಧಕ್ಕೆ ಇಳಿಯುತ್ತದೆ. ಕಚೇರಿಯ ಕೆಲಸಕ್ಕೆ ಎರಡನೆಯ ತೆರೆ ಭಾರವಲ್ಲವೆಂಬುದು ಇದರಿಂದ ಸಿದ್ಧವಾಯಿತು.

ಇನ್ನು ಚಿತ್ರ ಹೊರಬರುವ ಬಾಗಿಲುಗಳನ್ನು ನೋಡೋಣ. ನಮ್ಮ ಉದಾಹರಣೆಯ ಗಣಕದ ಹಿಂಬದಿಯಲ್ಲಿ ಎರಡು ಡಿಸ್ಪ್ಲೇಪೋರ್ಟುಗಳೂ ಒಂದು ವಿಜಿಎ ಕಿಂಡಿಯೂ ಇವೆ. ಎಚ್‌ಡಿಎಂಐ ಇಲ್ಲ. ಹೊಸ ಮಾನಿಟರಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ನಡುವೆ ಅಡಾಪ್ಟರು ಬೇಕು. ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ: ಇಂಥ ಅಡಾಪ್ಟರುಗಳು ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಕೆಲಸಮಾಡುತ್ತವೆ. ಗಣಕದ ಡಿಸ್ಪ್ಲೇಪೋರ್ಟಿನಿಂದ ಮಾನಿಟರಿನ ಎಚ್‌ಡಿಎಂಐಗೆ ಹೋಗುವುದನ್ನೇ ಕೇಳಿ ಕೊಳ್ಳಬೇಕು. ತುದಿಗಳು ಹೊಂದಿಕೊಂಡುವೆಂಬ ಮಾತ್ರಕ್ಕೆ ವಿರುದ್ಧ ದಿಕ್ಕಿನದನ್ನು ತಂದರೆ ತೆರೆ ಕತ್ತಲೆಯಾಗಿಯೇ ಉಳಿಯುತ್ತದೆ.

ವಿಜಿಎ ಪದ್ಧತಿಯನ್ನು ಐಬಿಎಂ ಕಂಪೆನಿ 1987ರಲ್ಲಿ ಬಳಕೆಗೆ ತಂದಿತು. ಅದರಲ್ಲಿ ಸಾಗುವುದು ಅಂಕಿಗಳಲ್ಲ, ಏರಿಳಿಯುವ ವೋಲ್ಟೇಜು. ಅದನ್ನು ಬಳಸಿದರೆ ಅಕ್ಷರಗಳ ಅಂಚು ಕೆಲವೊಮ್ಮೆ ಮಸುಕಾಗುವುದೇಕೆ? ಸಾಲಿನ ಮತ್ತು ಚಿತ್ರದ ಕೊನೆಯ ವಿರಾಮಗಳನ್ನೂ ಸೇರಿಸಿದರೆ, ಮೇಲೆ ಹೇಳಿದ ತೆರೆಗೆ ಸೆಕೆಂಡಿಗೆ 14 ಕೋಟಿ 85 ಲಕ್ಷ ಪಿಕ್ಸೆಲುಗಳ ವೇಗ ಬೇಕು. ಒಂದು ಪಿಕ್ಸೆಲಿಗೆ ದೊರೆಯುವ ಕಾಲ ಸುಮಾರು 6.7 ನ್ಯಾನೊಸೆಕೆಂಡು. ನ್ಯಾನೊಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ಇಷ್ಟು ಕಾಲದಲ್ಲಿ ಬೆಳಕು ಕೂಡ ಕೇವಲ ಎರಡು ಮೀಟರು ಮುಂದುವರಿಯುತ್ತದೆ! ಕೇಬಲಿನಲ್ಲಿ ಸಂಕೇತದ ವೇಗ ಬೆಳಕಿನ ವೇಗದ ಸುಮಾರು ಮೂರನೆಯ ಎರಡು ಭಾಗವೆನ್ನೋಣ. ಕೇಬಲಿನ ತುದಿಗಳು ಚೆನ್ನಾಗಿ ಹೊಂದಿಕೊಳ್ಳದಿದ್ದರೆ, ಬಾವಿಯೊಳಗೆ ಕೂಗಿದ ದನಿ ಮರಳುವಂತೆ, ಸಂಕೇತದ ಒಂದಂಶ ಮಾನಿಟರಿನಿಂದ ಹಿಂದಿರುಗಿ ಗಣಕಕ್ಕೆ ಬಂದು ಮತ್ತೆ ಮಾನಿಟರಿಗೆ ಹೋಗುತ್ತದೆ. ಒಂದೂವರೆ ಮೀಟರಿನ ಕೇಬಲಿನಲ್ಲಿ ಈ ಹೆಚ್ಚಿನ ಪಯಣ ಮೂರು ಮೀಟರು. ಹಿಡಿಯುವ ಕಾಲ 15 ನ್ಯಾನೊಸೆಕೆಂಡು. ಅಷ್ಟರಲ್ಲಿ ಎರಡು ಪಿಕ್ಸೆಲುಗಳು ದಾಟಿರುತ್ತವೆ. ಆದುದರಿಂದ ಅಕ್ಷರದ ಬಲಗಡೆ ಎರಡು ಪಿಕ್ಸೆಲುಗಳಾಚೆ ಅದರ ತೆಳುವಾದ ನೆರಳು ಮೂಡುತ್ತದೆ. ಡಿಸ್ಪ್ಲೇಪೋರ್ಟಿನಲ್ಲಿ ಸಾಗುವುದು ಸೊನ್ನೆ ಒಂದುಗಳ ಅಂಕಿ. ಅವುಗಳನ್ನು ತಪ್ಪಿಲ್ಲದೆ ಗುರುತಿಸುವವರೆಗೆ ಇಂಥ ನೆರಳಿಗೆ ಅವಕಾಶವಿಲ್ಲ. ಎರಡು ಡಿಸ್ಪ್ಲೇಪೋರ್ಟುಗಳು ಇರುವಾಗ ವಿಜಿಎಯನ್ನು ಬಿಡುವುದೇ ಜಾಣತನ.

ಹೀಗಿದ್ದರೂ ಎರಡನೆಯ ತೆರೆಯನ್ನು ಜೋಡಿಸಿದ ಮೇಲೆ ಗಣಕ ಮಂದವಾಯಿತೆಂದು ದೂರುವವರುಂಟು. ಅಪರಾಧ ತೆರೆಯದಲ್ಲ. ಸ್ಥಳ ದೊರೆತೊಡನೆ ನಾವು ಹೆಚ್ಚು ಕಾರ್ಯಕ್ರಮಗಳನ್ನು ತೆರೆದಿಡುತ್ತೇವೆ. ಸ್ಮೃತಿ ತುಂಬುತ್ತದೆ; ಹಿಡಿಸದ ಭಾಗವನ್ನು ಗಣಕ ಹಾರ್ಡ್ ಡಿಸ್ಕಿನಲ್ಲಿ ಇಟ್ಟು ಬೇಕಾದಾಗ ಹುಡುಕಿ ತರುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಹಿಡಿಯುತ್ತದೆ. ಬೇಕಾದ ಭಾಗ ಎದುರಿಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಓದುವ ಮುಳ್ಳು ಸ್ಥಾನಕ್ಕೆ ಸರಿಯಲು ಇನ್ನೂ ಕೆಲವು ಮಿಲಿಸೆಕೆಂಡುಗಳು. ಹೀಗೆ ಚದರಿದ ಮಾಹಿತಿಯನ್ನು ಸೆಕೆಂಡಿಗೆ ನೂರು ಸಲ ಹುಡುಕುವುದೂ ಅದಕ್ಕೆ ಕಷ್ಟ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಯಾದರೋ ಸಾವಿರಾರು ಸಲ ಹುಡುಕಬಲ್ಲದು. ಆದುದರಿಂದ ಮೊದಲ ಖರ್ಚು 8 ಅಥವಾ 16 ಗಿಗಾಬೈಟಿನ ಸ್ಮೃತಿಗೆ ಮತ್ತು ಒಂದು ಎಸ್‌ಎಸ್‌ಡಿಗೆ ಆಗತಕ್ಕದ್ದು, ಚಿತ್ರದ ಕಾರ್ಡಿಗಲ್ಲ.

ಹಾಗಾದರೆ ಪ್ರತ್ಯೇಕ ಕಾರ್ಡು ಯಾವಾಗ ಬೇಕು? 3840 ಅಡ್ಡ, 2160 ಉದ್ದದ 4ಕೆ ತೆರೆಯನ್ನು ಬಯಸಿದಾಗ. ಪಿಕ್ಸೆಲಿಗೆ 24 ಬಿಟ್ಟಿನಂತೆ ಸೆಕೆಂಡಿಗೆ 60 ಚಿತ್ರಗಳನ್ನು ಕಳುಹಿಸಲು 1194 ಕೋಟಿ ಬಿಟ್ಟುಗಳು ಸಾಗಬೇಕು. ಈ ಪೀಳಿಗೆಯ ಡಿಸ್ಪ್ಲೇಪೋರ್ಟು ಹೊರಬಲ್ಲುದು 864 ಕೋಟಿ ಮಾತ್ರ. ಇಲ್ಲಿ ಲೆಕ್ಕವೇ ಬೇಡವೆನ್ನುತ್ತದೆ. ಕಾರ್ಡನ್ನು ಕೊಳ್ಳುವಾಗ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಮರೆಯಬಾರದು. ಕಿರಿದಾದ ಪೆಟ್ಟಿಗೆಯ ಆಪ್ಟಿಪ್ಲೆಕ್ಸ್ 7010ರ ವಿದ್ಯುತ್ಪೂರೈಕೆ ಒಟ್ಟು 240 ವ್ಯಾಟು; ಅದರಲ್ಲಿ ಗಿಡ್ಡ ಕಾರ್ಡು ಮಾತ್ರ ಹಿಡಿಸುತ್ತದೆ. ಪ್ರತ್ಯೇಕ ವಿದ್ಯುತ್ ತಂತಿಯನ್ನು ಬೇಡುವ ಕಾರ್ಡು ಅಲ್ಲಿಗೆ ಸಲ್ಲದು. 2017ರಲ್ಲಿ ಬಂದ ಜಿಫೋರ್ಸ್ ಜಿಟಿ 1030 ಕಾರ್ಡಿನಂತೆ 30 ವ್ಯಾಟಿನ ಆಸುಪಾಸಿನಲ್ಲಿರುವುದು ಕ್ಷೇಮ.

ಯಂತ್ರ ಗಟ್ಟಿಯಾಗಿದ್ದರೂ ಒಂದು ಮಿತಿಯನ್ನು ಬಚ್ಚಿಡಬಾರದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಈ ಸಂಸ್ಕಾರಕವನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಜಾಲಕ್ಕೆ ಸೇರಿದ ಗಣಕವನ್ನು ರಕ್ಷಣೆಯಿಲ್ಲದೆ ಬಿಡುವುದು ಅಪಾಯ. ಕಚೇರಿಯ ಕೆಲಸ ಒಪ್ಪುವುದಾದರೆ ಲಿನಕ್ಸ್ ವ್ಯವಸ್ಥೆಯನ್ನು ಹಾಕಿಕೊಳ್ಳಬಹುದು. ವಿಂಡೋಸನ್ನೇ ಬಯಸುವ ತಂತ್ರಾಂಶವಿದ್ದಲ್ಲಿ ಹೊಸ ಯಂತ್ರ ಅನಿವಾರ್ಯವಾದೀತು.

ಹಳೆಯದೆಂಬ ಕಾರಣಕ್ಕೆ ಯಂತ್ರವನ್ನು ಎಸೆಯುವುದೂ ತಪ್ಪು, ಅಭಿಮಾನದಿಂದ ಅದಕ್ಕೆ ಅಂಟಿಕೊಳ್ಳುವುದೂ ತಪ್ಪು. ಎಷ್ಟು ಬೇಕು, ಎಷ್ಟಿದೆ ಎಂದು ಎಣಿಸಿ ನೋಡುವುದೇ ವಿಜ್ಞಾನದ ದಾರಿ. ನಿಮ್ಮ ಶಾಲೆಯ ಅಥವಾ ಕಾಲೇಜಿನ ಮೂಲೆಯಲ್ಲಿ ಧೂಳು ಹಿಡಿದ ಗಣಕವಿದ್ದರೆ ಅದರ ಬೆನ್ನನ್ನು ತಿರುಗಿಸಿ ಕಿಂಡಿಗಳನ್ನು ಪರೀಕ್ಷಿಸಿ; ಕಾಗದ, ಪೆನ್ಸಿಲು ಹಿಡಿದು ಈ ಗುಣಾಕಾರಗಳನ್ನು ನೀವೇ ಮಾಡಿ ನೋಡಿ. ಅದಕ್ಕೆ ಇನ್ನೂ ಕೆಲವು ವರ್ಷಗಳ ಸೇವೆ ಉಳಿದಿರಬಹುದು.