ಕಾವಲಿಯ ಮುಂದಿನ ಪಂಕ್ತಿ

ದಸರೆಯ ದಿನಗಳಲ್ಲಿ ಮೈಸೂರಿನ ಆಹಾರ ಮೇಳಕ್ಕೆ ಹೋದವರು ಒಂದು ನೋಟವನ್ನು ಕಂಡೇ ಇರುತ್ತಾರೆ. ಕುಳಿತು ತಿನ್ನಲು ಜಾಗವಿದ್ದರೂ ಜನ ದೋಸೆಯ ಕಾವಲಿಯ ಸುತ್ತಲೇ ನಿಂತಿರುತ್ತಾರೆ. ಅಡಿಗೆಯವನು ಕಾದ ಕಬ್ಬಿಣದ ಮೇಲೆ ನೀರು ಚಿಮುಕಿಸುತ್ತಾನೆ, ಕಡ್ಡಿಪೊರಕೆಯಿಂದ ಒಮ್ಮೆ ಬೀಸಿ ಗುಡಿಸುತ್ತಾನೆ, ಸೌಟಿನ ತುಂಬ ಹಿಟ್ಟನ್ನು ಹೊಯ್ದು ಸುತ್ತುತ್ತಾನೆ. ಮುಂದಿನ ಸಾಲಿನಲ್ಲಿ ತಮ್ಮ ದೋಸೆ ಯಾವುದೆಂದು ಮಕ್ಕಳು ಆಗಲೇ ಲೆಕ್ಕ ಹಾಕಿರುತ್ತಾರೆ. ಹಸಿವಿಗಿಂತ ಕುತೂಹಲವೇ ಅಲ್ಲಿ ಮೊದಲು ತಣಿಯುತ್ತದೆ ಎಂದರೆ ತಪ್ಪಾಗದು.

ಇದೇ ನೋಟಕ್ಕೆ ಮೆತ್ತನೆಯ ಕುರ್ಚಿಗಳನ್ನೂ ಶುಭ್ರವಾದ ಕೈವಸ್ತ್ರವನ್ನೂ ಸಾಕಷ್ಟು ದೊಡ್ಡದಾದ ಬಿಲ್ಲನ್ನೂ ಸೇರಿಸಿದರೆ ಜಪಾನೀಯರ ‘ತೆಪ್ಪನ್‌ಯಾಕಿ’ ಆಗುತ್ತದೆ. ತೆಪ್ಪನ್ ಎಂದರೆ ಕಬ್ಬಿಣದ ಹಲಗೆ. ಯಾಕಿ ಎಂದರೆ ಸುಟ್ಟದ್ದು, ಹುರಿದದ್ದು. ಉದ್ದನೆಯ ಕಾವಲಿಯ ಮೂರು ಪಕ್ಕಗಳಲ್ಲಿ ಅತಿಥಿಗಳು ಕುಳಿತುಕೊಳ್ಳುತ್ತಾರೆ. ನಾಲ್ಕನೆಯ ಪಕ್ಕದಲ್ಲಿ ಬಾಣಸಿಗನು ನಿಲ್ಲುತ್ತಾನೆ. ಬೆಂದದ್ದು ಬೆಂದ ಕ್ಷಣವೇ ತಟ್ಟೆಗೆ ಬರುತ್ತದೆ.

ಟೋಕಿಯೋದಲ್ಲೋ ಅಮೆರಿಕದಲ್ಲೋ ನೆಲೆಸಿರುವ ಮಗ ಅಥವಾ ಮಗಳು, ಊರಿನಿಂದ ಬಂದ ತಂದೆತಾಯಿಗಳನ್ನು ಒಂದು ಸಂಜೆ ಇಂಥ ಪಂಕ್ತಿಗೆ ಕರೆದೊಯ್ಯುವುದು ಮೈಸೂರಿನ ಸಂಸಾರಗಳಿಗೆ ಈಗ ಅಪರೂಪವಲ್ಲ. ಬೆಂಗಳೂರಿನಲ್ಲಿಯೂ ಜಪಾನೀ ಊಟದ ಮನೆಗಳು ತೆರೆದಿವೆ. ಕರೆದವರಿಗೆ ಸಂಭ್ರಮ, ಹೋದವರಿಗೆ, ಅವರು ಶಾಕಾಹಾರಿಗಳಾಗಿದ್ದರೆ, ಮೊದಲ ಹತ್ತು ನಿಮಿಷ ಸಂಕಟ. ಏಕೆಂದರೆ ಎದುರಿಗಿರುವ ಕಾವಲಿ ಒಂದೇ. ಪಕ್ಕದವರ ಸೀಗಡಿ, ಅದರಾಚೆಯವರ ಮಾಂಸ, ತಮ್ಮ ಬದನೆಕಾಯಿ ಎಲ್ಲವೂ ಬೇಯುವುದು ಅದರ ಮೇಲೆಯೇ.

ಈ ಊಟವನ್ನು ಜಪಾನಿನ ಪುರಾತನ ಸಂಪ್ರದಾಯವೆಂದು ಭಾವಿಸುವವರುಂಟು. ಹಾಗೇನೂ ಇಲ್ಲ, ನಜರ್‌ಬಾದಿನ ಮೈಲಾರಿ ದೋಸೆಗಿಂತ ಇದು ಕಿರಿಯದು! ಮೈಲಾರಿಯ ಒಲೆ 1938ರಲ್ಲಿ ಹೊತ್ತಿತು. ಕೋಬೆ ನಗರದಲ್ಲಿ ‘ಮಿಸೋನೊ’ ಎಂಬ ಊಟದ ಮನೆ ಆರಂಭವಾದದ್ದು 1945ರಲ್ಲಿ, ಮಹಾಯುದ್ಧದಲ್ಲಿ ಜಪಾನ್ ಸೋತ ವರ್ಷ. ಅದರ ಒಡೆಯ ಶಿಗೆಜಿ ಫುಜಿಯೋಕ. ಮೊದಲು ಅಲ್ಲಿ ಬೇಯುತ್ತಿದ್ದದ್ದು ಒಕೊನೊಮಿಯಾಕಿ, ಅಂದರೆ ಹಿಟ್ಟಿಗೆ ಎಲೆಕೋಸನ್ನು ಹೆಚ್ಚಿ ಬೆರೆಸಿ ಹೊಯ್ಯುವ ದಪ್ಪ ರೊಟ್ಟಿ. ನಮ್ಮ ಉತ್ತಪ್ಪಕ್ಕೆ ದೂರದ ನೆಂಟನೆನ್ನಬಹುದು. ಆದರೆ ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆಯಿರುತ್ತದೆ, ಮೇಲೆ ಒಣಮೀನಿನ ಚೂರುಗಳೂ ಬೀಳುತ್ತವೆ. ನಗರದಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರಿಗೆ ಬೇಕಾಗಿದ್ದದ್ದು ಮಾಂಸ. ಅದೇ ಹಲಗೆಯ ಮೇಲೆ ಮಾಂಸ ಬೆಂದಿತು. ಹೊಸ ಪದ್ಧತಿಯೊಂದು ಹುಟ್ಟಿತು. 1964ರಲ್ಲಿ ರಾಕಿ ಆವೋಕಿ ಎಂಬ ಮಾಜಿ ಕುಸ್ತಿಪಟು ನ್ಯೂಯಾರ್ಕಿನಲ್ಲಿ ‘ಬೆನಿಹಾನ’ವನ್ನು ತೆರೆದು, ಚಾಕುಗಳನ್ನು ಗಾಳಿಗೆ ಎಸೆದು ಹಿಡಿಯುವ ಕಸರತ್ತನ್ನೂ, ಈರುಳ್ಳಿಯ ಬಿಲ್ಲೆಗಳನ್ನು ಪೇರಿಸಿ ಜ್ವಾಲಾಮುಖಿಯಂತೆ ಉರಿಸುವ ಆಟವನ್ನೂ ಜನಪ್ರಿಯಗೊಳಿಸಿದ. ಜಪಾನಿನಲ್ಲಿ ಈ ಗದ್ದಲ ಕಡಿಮೆ. ಅಲ್ಲಿಯ ಬಾಣಸಿಗನು ಬಹುಮಟ್ಟಿಗೆ ಮೌನಿ, ಮಾತನಾಡುವುದು ಕಬ್ಬಿಣ.

ಕಬ್ಬಿಣದ ಆ ಮಾತನ್ನು ಅರಿಯಲು ಮೈಸೂರಿನವರಿಗೆ ಗುರುಗಳು ಬೇಕಿಲ್ಲ. ಚಿಮುಕಿಸಿದ ನೀರು ಚುಂಯ್ ಎಂದು ಆವಿಯಾದರೆ ಹದ ಸರಿ. ಹನಿಗಳು ಮುತ್ತಿನಂತೆ ಉರುಳಾಡತೊಡಗಿದರೆ ಕಾವು ಮಿತಿಮೀರಿದೆ. ಹನಿಯ ಅಡಿಯಲ್ಲಿ ಆವಿಯ ಪದರವೊಂದು ಮೂಡಿ ಅದನ್ನು ಎತ್ತಿಹಿಡಿಯುವುದೇ ಇದರ ಕಾರಣ. ಜರ್ಮನಿಯ ವೈದ್ಯ ಲೈಡೆನ್‌ಫ್ರಾಸ್ಟ್ ಇದನ್ನು 1756ರಲ್ಲಿ ಬರೆದಿಟ್ಟ. ದೋಸೆ ಹೊಯ್ಯುವ ಅಜ್ಜಿಯರಿಗೆ ಅದು ಬರೆಯದೆಯೇ ತಿಳಿದಿತ್ತು. ಅತಿಯಾಗಿ ಕಾದ ಕಾವಲಿಯ ಮೇಲೆ ಹಿಟ್ಟು ಹರಡುವ ಮೊದಲೇ ಗಟ್ಟಿಯಾಗಿ ಸೌಟಿಗೆ ಅಂಟಿಕೊಂಡು ಬರುತ್ತದೆ. ಆದುದರಿಂದಲೇ ದೋಸೆ ದೋಸೆಗೂ ನಡುವೆ ನೀರಿನ ಸಿಂಚನ. ಜಪಾನೀ ಹಲಗೆಯಾದರೋ ಬಹಳ ದಪ್ಪ. ತಣ್ಣನೆಯ ಪದಾರ್ಥ ಬಿದ್ದರೂ ಅದರ ಕಾವು ಕುಗ್ಗುವುದಿಲ್ಲ. ಮೇಲ್ಭಾಗ ಬೇಗನೆ ಕೆಂಪಾಗುತ್ತದೆ. ನಡುಭಾಗ ಉಗ್ರ, ಅಂಚುಗಳು ಸೌಮ್ಯ. ಬಾಣಸಿಗನು ಎರಡು ಮಗುಚುವ ಕೈಗಳಿಂದ ಪದಾರ್ಥವನ್ನು ನಡುವಿನಿಂದ ಅಂಚಿಗೆ, ಅಂಚಿನಿಂದ ತಟ್ಟೆಗೆ ಸಾಗಿಸುತ್ತಾನೆ. ಕೈಚಳಕವೆಲ್ಲ ಈ ಪ್ರಯಾಣದ ಹೊತ್ತನ್ನು ಅರಿಯುವುದರಲ್ಲಿದೆ, ಚಾಕು ಎಸೆಯುವುದರಲ್ಲಲ್ಲ.

ಇನ್ನು ಶಾಕಾಹಾರಿಯ ಸಂಕಟದ ವಿಚಾರ. ‘ಏನಾದರೂ ಆಗಲಿ, ಮಗ ಪ್ರೀತಿಯಿಂದ ಕರೆತಂದಿದ್ದಾನೆ’ ಎಂದು ಬಾಯಿಮುಚ್ಚಿ ಕುಳಿತು, ಮನೆಗೆ ಬಂದಮೇಲೆ ಮೊಸರನ್ನವನ್ನೂ ಉಣ್ಣದೆ ಮಲಗುವ ತಾಯಂದಿರಿದ್ದಾರೆ. ಇದು ಸೌಜನ್ಯವಲ್ಲ, ಮಗನಿಗೂ ಇದರಿಂದ ಸುಖವಿಲ್ಲ. ಕೇಳಬೇಕು. ಅದೂ ಕುರ್ಚಿಯಲ್ಲಿ ಕುಳಿತಮೇಲಲ್ಲ, ಸ್ಥಳವನ್ನು ಕಾದಿರಿಸುವಾಗಲೇ ಕೇಳಬೇಕು. ಹಲಗೆಗೆ ಸವರುವುದು ಎಣ್ಣೆಯೋ ದನದ ಕೊಬ್ಬೋ? ತರಕಾರಿಗೆ ಪ್ರತ್ಯೇಕ ಬಾಣಲೆಯನ್ನೂ ಮಗುಚುವ ಕೈಯನ್ನೂ ಒದಗಿಸಬಲ್ಲರೋ? ಹಲಗೆ ಇನ್ನೂ ಶುದ್ಧವಾಗಿರುವ ಮೊದಲ ಸರದಿಯಲ್ಲಿ ಸ್ಥಳ ಸಿಗುವುದೋ? ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಜಪಾನಿನಲ್ಲಿ ಕೆಲಸವಾಗದು. ಅಲ್ಲಿಯ ಮಿಸೊ ಸಾರಿನ ಬುಡದಲ್ಲಿ ಸಾಮಾನ್ಯವಾಗಿ ಮೀನಿನ ತಿಳಿಯಿರುತ್ತದೆ; ಅನೇಕರು ಅದನ್ನು ಮಾಂಸವೆಂದೇ ಎಣಿಸುವುದಿಲ್ಲ. ಕೆಲವು ಗೊಜ್ಜುಗಳಲ್ಲಿ ‘ಮಿರಿನ್’ ಎಂಬ ಅಕ್ಕಿಯ ಸಿಹಿಮದ್ಯ ಬೆರೆತಿರುತ್ತದೆ. ಮೀನು, ಮೊಟ್ಟೆ, ಮದ್ಯ ಎಂದು ಒಂದೊಂದನ್ನೂ ಹೆಸರಿಸಿಯೇ ಬೇಡವೆನ್ನಬೇಕು.

ಹೀಗೆ ಕೇಳುವುದರಿಂದ ಜಪಾನೀಯರಿಗೆ ಅವಮಾನವಾದೀತೆಂಬ ಅಂಜಿಕೆ ಬೇಡ. ಪಥ್ಯವೆಂಬುದು ಅವರಿಗೆ ಅಪರಿಚಿತವಲ್ಲ. ಕ್ರಿ.ಶ. 675ರಲ್ಲಿ ಚಕ್ರವರ್ತಿ ತೆಮ್ಮು, ವ್ಯವಸಾಯದ ತಿಂಗಳುಗಳಲ್ಲಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳನ್ನು ತಿನ್ನಬಾರದೆಂದು ಆಜ್ಞೆ ಹೊರಡಿಸಿದ್ದ. ಆಮೇಲೆ ಅನೇಕ ಶತಮಾನಗಳವರೆಗೆ ಗೋಮಾಂಸ ಅಲ್ಲಿ ಸಾಮಾನ್ಯರ ಆಹಾರವಾಗಲಿಲ್ಲ. 1872ರಲ್ಲಿ ಚಕ್ರವರ್ತಿ ಮೇಜಿ ಅದನ್ನು ಸೇವಿಸಿದನೆಂಬುದೇ ದೊಡ್ಡ ಸುದ್ದಿಯಾಯಿತು. ಬೌದ್ಧ ಮಠಗಳಲ್ಲಿ ‘ಶೋಜಿನ್’ ಎಂಬ ಶಾಕಾಹಾರದ ಅಡಿಗೆ ಇಂದಿಗೂ ಉಳಿದಿದೆ. ಮುಂಚಿತವಾಗಿ ತಿಳಿಸಿದರೆ ಹೊಂದಿಸಿಕೊಡುವವರಿದ್ದಾರೆ. ಆಗದಿದ್ದರೆ ಆಗದೆಂದು ಹೇಳುವವರೂ ಇದ್ದಾರೆ. ಆಗದೆಂದವರಲ್ಲಿಗೆ ಹೋಗದಿದ್ದರಾಯಿತು.

ಒಪ್ಪಿದವರಲ್ಲಿ ದೊರಕುವ ಊಟವೇನೂ ಬಡವಲ್ಲ. ಹಲಗೆಯ ಮೇಲೆ ಉದ್ದಕ್ಕೆ ಸೀಳಿದ ಬದನೆ, ದಪ್ಪ ಅಣಬೆ, ಸಿಹಿಗುಂಬಳದ ತೆಳುಹೋಳು, ಮೊಳಕೆಕಾಳು, ಸೋಯಾ ಹಾಲಿನ ಗಿಣ್ಣಿನಂತಿರುವ ತೋಫು ಬೇಯುತ್ತವೆ. ಮಸಾಲೆಯಿಲ್ಲ, ಒಗ್ಗರಣೆಯಿಲ್ಲ. ಮೊದಲ ತುತ್ತು ಸಪ್ಪೆಯೆನಿಸುವುದು ಸಹಜ. ಎರಡನೆಯದರಲ್ಲಿ ಬದನೆಯ ಸ್ವಂತ ರುಚಿ ನಾಲಿಗೆಗೆ ಗೊತ್ತಾಗುತ್ತದೆ. ಕೊಟ್ಟದ್ದನ್ನು ಕೂಡಲೇ ತಿನ್ನಬೇಕು; ಮಾತಿನಲ್ಲಿ ಮುಳುಗಿ ತಟ್ಟೆಯನ್ನು ಆರಗೊಟ್ಟರೆ ಬಾಣಸಿಗನ ಮುಖವೂ ಆರುತ್ತದೆ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಅದು ಅಲ್ಲಿ ಸತ್ತವರಿಗೆ ಅನ್ನವಿಡುವ ಕ್ರಮ, ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡ್ಡಿ ಹಿಡಿಯಲು ಬಾರದವರು ಚಮಚ ಕೇಳಬಹುದು. ಜಪಾನಿನಲ್ಲಿ ಭಕ್ಷೀಸು ಕೊಡುವ ಪದ್ಧತಿಯಿಲ್ಲ.

ಕೊನೆಯಲ್ಲಿ ಬರುವುದು ಬೆಳ್ಳುಳ್ಳಿಯ ಅನ್ನ. ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿಯನ್ನು ಹೊಂಬಣ್ಣಕ್ಕೆ ಹುರಿದು, ಅನ್ನ ಸುರಿದು, ಎರಡು ಮಗುಚುವ ಕೈಗಳಿಂದ ಬಡಿದು ಬಿಡಿಬಿಡಿಯಾಗಿಸಿ, ಅಂಚಿನಲ್ಲಿ ಸೋಯಾ ರಸವನ್ನು ಸುತ್ತಲೂ ಹನಿಸುತ್ತಾರೆ. ಘಮ್ಮೆಂದು ಹೊಗೆಯೇಳುತ್ತದೆ. ತಳದಲ್ಲಿ ಒಂದಿಷ್ಟು ಸೀದು ಗರಿಗರಿಯಾದ ಅನ್ನ ಹಲಗೆಗೆ ಹತ್ತಿಕೊಂಡಿರುತ್ತದೆ. ಅದನ್ನು ಕೆರೆದು ಹಾಕುವಂತೆ ಕೈಸನ್ನೆಯಲ್ಲೇ ಕೇಳಿದರೂ ಸಾಕು, ಬಾಣಸಿಗನು ನಕ್ಕು ಬಡಿಸುತ್ತಾನೆ.