ಮನೆಯ ಹಳೆಯ ಕಠಾರಿ ಯಾವ ಕಾಲದ್ದು?

ಪ್ರಶ್ನೆ: ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ತಪ್ಪಲಿನ ನಮ್ಮ ಮನೆಯಲ್ಲೊಂದು ಹಳೆಯ ಕಠಾರಿ ಇದೆ. ಪಾಳೇಗಾರರ ಕಾಲದ್ದೆಂದು ಹಿರಿಯರು ಹೇಳುತ್ತಾರೆ. ಇದರ ಮೂಲ ತಿಳಿಯುವುದು ಹೇಗೆ?

ಉತ್ತರ: ಮೊದಲು ಹಿಡಿ ನೋಡಿ. ಎರಡು ಉದ್ದ ಪಟ್ಟಿಗಳ ನಡುವೆ ಅಡ್ಡ ಸರಳುಗಳಿದ್ದು, ಮುಷ್ಟಿ ಬಿಗಿದು ನೇರವಾಗಿ ತಿವಿಯುವಂತಿದ್ದರೆ ಅದು ಕಠಾರಿಯೇ. ಕೈಯ ಹಿಂಬದಿ ಮುಚ್ಚುವ ಲೋಹದ ಕವಚವೂ ಇದ್ದರೆ, ಅದು ವಿಜಯನಗರ, ತಂಜಾವೂರುಗಳಲ್ಲಿ 16–17ನೇ ಶತಮಾನದಲ್ಲಿ ಬಳಕೆಯಲ್ಲಿದ್ದ ದಕ್ಷಿಣದ ಶೈಲಿ. ಅಲಗನ್ನು ಬುಡದಲ್ಲಿ ರಿವೆಟ್ ಹೊಡೆದು ಕೂರಿಸಿದೆಯೇ? ಯುರೋಪಿನ ಕತ್ತಿಗಳ ಅಲಗನ್ನೂ ಹೀಗೆ ಜೋಡಿಸುತ್ತಿದ್ದರು. ಒಂದೇ ಬದಿ ಹರಿತವಿರುವ ಅಗಲ ಅಲಗು, ಬೆಳ್ಳಿ ಅಲಂಕಾರದ ಒರೆ ಇದ್ದರೆ ಕೊಡಗಿನ ಪೀಚೆಕತ್ತಿ ಇರಬಹುದು.

1779ರಲ್ಲಿ ಪಾಳೇಗಾರರ ಚಿತ್ರದುರ್ಗ ಹೈದರಾಲಿಯ ವಶವಾಯಿತು. ದಂಡುಗಳ ಜೊತೆ ಆಯುಧಗಳೂ ಊರೂರು ಸುತ್ತುತ್ತಿದ್ದ ಕಾಲವದು; ಸಿಕ್ಕ ಜಾಗವೊಂದೇ ಸಾಕ್ಷಿಯಾಗದು. ಹುಣಸೆಹಣ್ಣು, ಉಪ್ಪುಕಾಗದದಿಂದ ದಯವಿಟ್ಟು ಉಜ್ಜಬೇಡಿ, ಹಳೆಯ ಕುಸುರಿ ಅಳಿಸಿಹೋದೀತು. ಚಿತ್ರದುರ್ಗದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ತೋರಿಸಿ.