ಎರಡನೇ ಮೈಕಿನವರು

ಆಕಾಶವಾಣಿಯ ಸ್ಟುಡಿಯೋದಲ್ಲಿ ಕೂತ ಕೃಷಿ ತಜ್ಞರು ‘ಭತ್ತಕ್ಕೆ ಹೆಕ್ಟೇರಿಗೆ 100 ಕಿಲೋ ಸಾರಜನಕ ಕೊಡಿ’ ಎಂದರು ಅಂತಿಟ್ಟುಕೊಳ್ಳಿ. ಮಾತು ಸರಿಯೇ. ಆದರೆ ಉತ್ತರ ಕನ್ನಡದ ಹಳಿಯಾಳದ ಗದ್ದೆಯ ಬದುವಿನ ಮೇಲೆ ರೇಡಿಯೋ ಇಟ್ಟುಕೊಂಡವನ ಲೆಕ್ಕ ನಡೆಯುವುದು ಎಕರೆ, ಗುಂಟೆ ಮತ್ತು ಸೊಸೈಟಿಯಿಂದ ತಂದ ಗೊಬ್ಬರದ ಚೀಲದಲ್ಲಿ. ಆಗ ಪಕ್ಕದ ಮೈಕಿನಿಂದ ಇನ್ನೊಂದು ದನಿ ಬಾಯಿ ಹಾಕುತ್ತದೆ: ‘ಅಂದ್ರ ಎಕರೇಕ್ಕ ಎಷ್ಟ್ ಚೀಲ ಆತ್ರೀ ಸಾಹೇಬ್ರ?’

ತಜ್ಞರು ಲೆಕ್ಕಕ್ಕೆ ಇಳಿಯಲೇಬೇಕು. ಯೂರಿಯಾದಲ್ಲಿ ಸಾರಜನಕ ಶೇ 46. ಹೆಕ್ಟೇರಿಗೆ ಸುಮಾರು 217 ಕಿಲೋ ಯೂರಿಯಾ, ಎಕರೆಗೆ 88. ಚೀಲಕ್ಕೆ 45 ಕಿಲೋ ಹಿಡಿದರೆ ಹತ್ತಿರ ಹತ್ತಿರ ಎರಡು ಚೀಲ. ‘ಎಲ್ಲಾ ಒಮ್ಮೆಲೇ ಉಗ್ಗೂದೇನ್ರಿ?’ ‘ಬ್ಯಾಡ್ರಿ, ಕಂತಿನ್ಯಾಗ ಕೊಡ್ರಿ.’ ಕೇಳುಗನಿಗೆ ಬೇಕಿದ್ದುದು ಇಷ್ಟೇ. ಅದನ್ನು ಹೊರಗೆಳೆದವರು ಸಹ ನಿರೂಪಕರು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಕೇಳುವುದೇ ಅವರ ಕಸುಬು. ದಡ್ಡನ ಪಾತ್ರ ಮಾಡಲು ಜಾಣರೇ ಬೇಕು.

ಕನ್ನಡ ರೇಡಿಯೋದಲ್ಲಿ ಈ ಪಾತ್ರವನ್ನು ಮನೆಮಾತಾಗಿಸಿದವರು ಎ.ಎಸ್. ಮೂರ್ತಿ. ಬೆಂಗಳೂರು ಆಕಾಶವಾಣಿಯ ಗ್ರಾಮಸ್ಥರ ಕಾರ್ಯಕ್ರಮದಲ್ಲಿ ಅವರು ‘ಈರಣ್ಣ’. ಕೊನೆಗೆ ಸ್ವಂತ ಹೆಸರಿಗಿಂತ ‘ಆಕಾಶವಾಣಿ ಈರಣ್ಣ’ ಎಂಬ ಹೆಸರೇ ಗಟ್ಟಿಯಾಗಿ ಉಳಿಯಿತು. ಹಳ್ಳಿಯವನಾಗಿ ಮಾತಾಡುತ್ತಿದ್ದ ಮೂರ್ತಿಯವರು ಬೆಂಗಳೂರಿನ ಕಲಾವಿದರ ಮನೆತನದವರು. ತಂದೆ ಅ.ನ. ಸುಬ್ಬರಾಯರು ‘ಕಲಾಮಂದಿರ’ ಚಿತ್ರಕಲಾ ಶಾಲೆ ಕಟ್ಟಿದವರು. ಮಗ ನಾಟಕ ಬರೆದರು, ಆಡಿಸಿದರು, ಬೀದಿ ನಾಟಕಕ್ಕೆ ಇಳಿದರು, ‘ಅಭಿನಯ ತರಂಗ’ ಎಂಬ ರಂಗಶಾಲೆ ತೆರೆದರು. 2012ರಲ್ಲಿ ತೀರಿಕೊಂಡರು. ಅವರು ರಂಗದಿಂದ ಬಂದವರು ಎಂಬುದನ್ನು ಮರೆಯಬಾರದು. ಎದುರಿನವರ ಮಾತು ಮುಗಿಯುವವರೆಗೆ ಸುಮ್ಮನಿರುವುದು, ಮುಗಿದ ಕ್ಷಣಕ್ಕೆ ಎತ್ತಿಕೊಳ್ಳುವುದು ನಟರಿಗೆ ಬರುವ ವಿದ್ಯೆ. ಮೈಕಿನ ಮುಂದೆ ಬೇಕಾದದ್ದೂ ಅದೇ.

ಇದು ಬೆಂಗಳೂರಿನ ಮಾತಾಯಿತು. ಉತ್ತರ ಕನ್ನಡದ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಮಂದಿಗೆ ರೇಡಿಯೋ ಎಂದರೆ ಬಹುಮಟ್ಟಿಗೆ ಧಾರವಾಡ. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗೆ. ಸಂತೆ, ಆಸ್ಪತ್ರೆ, ಕಾಲೇಜು ಎಂದು ಇವರು ಮುಖ ಮಾಡುವುದು ಹುಬ್ಬಳ್ಳಿ–ಧಾರವಾಡದ ಕಡೆಗೆ. ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಕವಿ ಬೇಂದ್ರೆಯವರು ಅದರ ಸಲಹೆಗಾರರಾಗಿದ್ದರು. ಕೇಂದ್ರದ ಮಧ್ಯಮ ತರಂಗ 765 ಕಿಲೋಹರ್ಟ್ಸ್, ಅಂದರೆ ಅಲೆಯ ಉದ್ದ ಸುಮಾರು 392 ಮೀಟರ್. ಇಷ್ಟು ಉದ್ದದ ಅಲೆ ನೆಲ ಹಿಡಿದು ಗುಡ್ಡ ಬಳಸಿ ಸಾಗುತ್ತದೆ. ಎಫ್‌ಎಂ ಅಲೆಗೆ ಆ ಗುಣ ಕಡಿಮೆ, ಗುಡ್ಡ ಅಡ್ಡ ಬಂದರೆ ಸೋಲುತ್ತದೆ. ಜೋಯಿಡಾದ ಕಣಿವೆಗಳಿಗೆ ಹಳೆಯ ಮಧ್ಯಮ ತರಂಗವೇ ಒಗ್ಗಿಬಂದದ್ದು ಇದಕ್ಕೇ.

ಉತ್ತರ ಕನ್ನಡ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ 1956ರ ಆರಂಭದಲ್ಲಿ ಪುಣೆ ಆಕಾಶವಾಣಿ ಯುನೆಸ್ಕೊ ನೆರವಿನಿಂದ, ಪ್ರಶ್ನೆ ಕೇಳುವ ಕೆಲಸವನ್ನು ರೈತರ ಕೈಗೇ ಕೊಡುವ ಒಂದು ಪ್ರಯೋಗ ಮಾಡಿತು. ಸುಮಾರು 150 ಹಳ್ಳಿಗಳಲ್ಲಿ ರೈತರು ಗುಂಪಾಗಿ ಕೂತು ಕಾರ್ಯಕ್ರಮ ಕೇಳುವುದು, ಚರ್ಚಿಸುವುದು, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆಯುವುದು. ಹಳ್ಳಿಗಳೆಲ್ಲ ಮರಾಠಿ ಸೀಮೆಯವು. ಅದೇ ರಾಜ್ಯದ ಹಳಿಯಾಳಕ್ಕೆ ಆ ಭಾಗ್ಯ ಬರಲಿಲ್ಲ.

ಎರಡನೇ ಮೈಕಿನ ಕೆಲಸ ಮಾಡುವವರ ಬದುಕು ಹೇಗಿರುತ್ತದೆ? ಬಹಳಷ್ಟು ಮಂದಿ ಕ್ಯಾಶುವಲ್‌ಗಳು, ಅಂದರೆ ಹಂಗಾಮಿಗಳು. ಮೊದಲು ಧ್ವನಿ ಪರೀಕ್ಷೆ, ಆಮೇಲೆ ತರಬೇತಿ, ಆಮೇಲೆ ಪಟ್ಟಿಯಲ್ಲಿ ಹೆಸರು. ತಿಂಗಳಿಗೆ ಸಿಗುವುದು ಹೆಚ್ಚೆಂದರೆ ಆರು ಡ್ಯೂಟಿ. ಡ್ಯೂಟಿ ರೂಮಿನಲ್ಲಿ ಸಹಿ ಹಾಕಿ, ಆ ದಿನದ ಕಾರ್ಯಕ್ರಮಗಳ ಕ್ಯೂ ಶೀಟ್ ನೋಡಿಕೊಂಡು ಸ್ಟುಡಿಯೋಕ್ಕೆ ಹೋಗಬೇಕು. ಕೆಂಪು ದೀಪ ಹತ್ತಿದ ಮೇಲೆ ಕಾಗದ ಸರಿಸುವ ಸದ್ದೂ ಆಗಬಾರದು. ಫೋನ್‌ಇನ್ ಇದ್ದರೆ ಕರೆ ಮಾಡಿದವರ ಹೆಸರು, ಊರು ಮರೆಯುವಂತಿಲ್ಲ. ಆರು ಡ್ಯೂಟಿಯಲ್ಲಿ ಸಂಸಾರ ನಡೆಯದು. ಉಳಿದ ದಿನ ಪಾಠ, ನಾಟಕ, ಸಭೆ ಸಮಾರಂಭಗಳ ನಿರೂಪಣೆ. ಇಪ್ಪತ್ತು ವರ್ಷ ಮಾತಾಡಿದರೂ ‘ಹಂಗಾಮಿ’ ಎಂಬ ಪಟ್ಟ ಕಳಚದವರಿದ್ದಾರೆ. ನಾಡಿಗೆಲ್ಲ ದನಿ ಗೊತ್ತು, ಕಚೇರಿಯ ಕಾಯಂ ನೌಕರರ ಪಟ್ಟಿಯಲ್ಲಿ ಹೆಸರಿಲ್ಲ. ಇದಕ್ಕೆ ಸಮರ್ಥನೆ ಏನಿದೆಯೋ ನನಗೆ ಕಾಣದು.

ಇನ್ನು ಭಾಷೆಯ ವಿಚಾರ. ಹಳಿಯಾಳದಲ್ಲಿ ಕನ್ನಡದಷ್ಟೇ ಸಲೀಸಾಗಿ ಮರಾಠಿ ಕೇಳುತ್ತದೆ. ಕಾಗದ ಕಾರ್ಖಾನೆಯ ದಾಂಡೇಲಿಗೆ ಹತ್ತೂರಿನ ನಾಲಿಗೆಗಳು ಬಂದು ಸೇರಿವೆ. ಜೋಯಿಡಾದ ಕುಣಬಿಗಳ ಮನೆಮಾತು ಕೊಂಕಣಿ. ಸಿದ್ದಿಗಳ ಮಾತಿಗೆ ಅದರದೇ ಬನಿ. ಮುಂಡಗೋಡದ ಶಿಬಿರದಲ್ಲಿ 1960ರ ದಶಕದಿಂದ ಟಿಬೆಟನ್ನರಿದ್ದಾರೆ. ಅವರಲ್ಲಿ ಹೊಸ ಪೀಳಿಗೆ ಅಂಗಡಿಯ ಕನ್ನಡ ಬಲ್ಲದು. ಇಂಥ ಸೀಮೆಗೆ ಗ್ರಂಥದ ಕನ್ನಡದ ಒಂದೇ ದನಿ ಸಾಲದು. ಜೋಯಿಡಾದ ಗೆಡ್ಡೆ ಗೆಣಸಿನ ಬಗ್ಗೆ ಮಾತುಕತೆ ಇಟ್ಟರೆ, ಗೆಣಸು ಅಗೆದು ಗೊತ್ತಿರುವ ಕುಣಬಿ ಹೆಣ್ಣುಮಗಳನ್ನೇ ಎರಡನೇ ಮೈಕಿನ ಮುಂದೆ ಕೂರಿಸಬೇಕು. ತಜ್ಞರು ವೈಜ್ಞಾನಿಕ ಹೆಸರು ಹೇಳಲಿ. ಎಷ್ಟು ತಾಸು ಬೇಯಿಸಬೇಕು, ಯಾವುದು ನಾಲಿಗೆ ತುರಿಸುತ್ತದೆ ಎಂದು ಈಕೆ ಬಿಡದೆ ಕೇಳಲಿ. ಕೇಂದ್ರದವರು ಅವಳ ಬಸ್ ಖರ್ಚನ್ನೂ ಕೊಡಲಿ.